ಶಾಲಾ ಮಕ್ಕಳು ಊರಿನ ಸಮಸ್ಯೆಯೊಂದನ್ನು ಯೋಜನೆಯಾಗಿ ಮಂಡಿಸುವ ಬಗೆ

ಪ್ರೌಢಶಾಲೆಯ ಮಕ್ಕಳ ಯೋಜನೆಗಳಿಗೆ ಮಾರ್ಗದರ್ಶನ ಮಾಡುತ್ತ, ಆಗೊಮ್ಮೆ ಈಗೊಮ್ಮೆ ತೀರ್ಪುಗಾರರ ಕುರ್ಚಿಯಲ್ಲೂ ಕುಳಿತು ಬಂದಿರುವ ನನಗೆ ಒಂದು ವಾಕ್ಯವನ್ನು ಕೇಳಿ ಕೇಳಿ ಸಾಕಾಗಿದೆ. ಪ್ಲಾಸ್ಟಿಕ್ ಆಗಲಿ, ಮದ್ಯಪಾನವಾಗಲಿ, ಬಾಲ್ಯವಿವಾಹವಾಗಲಿ, ವಿಷಯ ಯಾವುದಾದರೂ ಕೊನೆಯ ಚಾರ್ಟಿನಲ್ಲಿ ಕೆಂಪು ಸ್ಕೆಚ್ ಪೆನ್ನಿನಿಂದ ಬರೆದಿರುವುದು ಅದೊಂದೇ: ‘ಆದ್ದರಿಂದ ಜನರಲ್ಲಿ ಜಾಗೃತಿ ಮೂಡಿಸಬೇಕು.’ ಯಾವ ಜನರಲ್ಲಿ, ಯಾವುದರ ಬಗ್ಗೆ, ಮೂಡಿಸುವವರು ಯಾರು, ಮೂಡಿದ ಮೇಲೆ ಅವರು ನಾಳೆ ಬೆಳಿಗ್ಗೆ ಎದ್ದು ಏನನ್ನು ಬೇರೆ ರೀತಿ ಮಾಡಬೇಕು ಎಂದು ಕೇಳಿದರೆ ಮಕ್ಕಳು ಪಕ್ಕದಲ್ಲಿ ನಿಂತ ಮೇಷ್ಟರ ಮುಖ ನೋಡುತ್ತಾರೆ. ಮೇಷ್ಟರು ಗಡಿಯಾರ ನೋಡುತ್ತಾರೆ. ಮಂಡ್ಯ, ಮೈಸೂರು ಸೀಮೆಯ ಮಕ್ಕಳಿಗೆ ತಮ್ಮ ಊರಿನ ಬಗ್ಗೆ ತಿಳಿದಿರುವುದು ಕಡಿಮೆಯೇನಲ್ಲ. ತಿಳಿದಿರುವುದನ್ನು ಎಣಿಸಿ, ಬರೆದು, ಯಾರ ಮುಂದೆ ಇಟ್ಟರೆ ಕೆಲಸವಾಗುತ್ತದೋ ಅವರ ಮುಂದೆ ಇಡುವ ಕ್ರಮವನ್ನು ನಾವು ಕಲಿಸಿಲ್ಲ. ಎಂಟರಿಂದ ಹತ್ತನೆಯ ತರಗತಿಯ ಮಕ್ಕಳು ಮತ್ತು ಅವರ ಶಿಕ್ಷಕರು ಆ ಕ್ರಮವನ್ನು ಹೇಗೆ ಹಿಡಿಯಬಹುದು ಎಂಬುದನ್ನು ಬಹುಮಟ್ಟಿಗೆ ಒಂದೇ ಉದಾಹರಣೆಯ ಬೆನ್ನು ಹಿಡಿದು ಇಲ್ಲಿ ವಿವರಿಸುತ್ತೇನೆ.

ನಡೆದು ಹೋಗಿ ನೋಡಬಹುದಾದ ಸಮಸ್ಯೆ

‘ಜಲಮಾಲಿನ್ಯ’ ಎಂಬುದು ಪಾಠದ ಹೆಸರು, ಯೋಜನೆಯ ಹೆಸರಲ್ಲ. ‘ನಮ್ಮ ಶಾಲೆಯ ಹಿಂದಿನ ಉಪನಾಲೆಯಲ್ಲಿ, ಸೇತುವೆಯಿಂದ ಮೂರನೆಯ ತೂಬಿನವರೆಗೆ ಕಸ ಕಟ್ಟಿಕೊಂಡಿದ್ದು, ಕೊನೇ ಭಾಗದ ಗದ್ದೆಗಳಿಗೆ ನೀರು ತಡವಾಗಿ ತಲುಪುತ್ತಿದೆ’ ಎಂಬುದು ಯೋಜನೆಯ ಹೆಸರಾಗಬಲ್ಲದು; ಉದ್ದವಾಯಿತೆಂದು ಯಾರೂ ಅಂಕ ಕಳೆಯುವುದಿಲ್ಲ. ಶಾಲೆ ಬಿಟ್ಟ ಮೇಲೆ ಹೋಗಿ ಕತ್ತಲಾಗುವ ಮೊದಲು ಮನೆ ಸೇರಬಹುದಾದಷ್ಟು ದೂರದಲ್ಲಿ ಸಮಸ್ಯೆ ಇರಬೇಕು ಎಂಬ ಒಂದೇ ನಿಯಮವನ್ನು ಪಾಲಿಸಿದರೆ ಅರ್ಧ ಕೆಲಸ ಮುಗಿದಂತೆ. ಎಷ್ಟು ಸಲ ಬೇಕಾದರೂ ಹೋಗಿ ನೋಡಬಹುದಾದ ಸಂಗತಿಯ ಬಗ್ಗೆ ಮಕ್ಕಳು ಅಂತರ್ಜಾಲದಿಂದ ನಕಲು ಮಾಡಲು ಹೋಗುವುದಿಲ್ಲ, ಏಕೆಂದರೆ ಅವರ ಊರಿನ ನಾಲೆ ಅಲ್ಲಿ ಸಿಗುವುದೂ ಇಲ್ಲ.

ವಿಷಯವನ್ನು ಕೈ ಎತ್ತಿಸಿ ಆರಿಸಬೇಡಿ. ಹಾಗೆ ಮಾಡಿದಾಗ ತರಗತಿಯ ನಾಯಕ ಹೇಳಿದ್ದೇ ಗೆಲ್ಲುತ್ತದೆ, ಹಿಂದಿನ ಬೆಂಚಿನ ಹುಡುಗಿಯ ಮನಸ್ಸಿನಲ್ಲಿದ್ದದ್ದು ಅಲ್ಲೇ ಉಳಿಯುತ್ತದೆ. ‘ಈ ವಾರ ನನಗಾಗಲಿ ನಮ್ಮ ಮನೆಯವರಿಗಾಗಲಿ ತೊಂದರೆ ಕೊಟ್ಟ ಒಂದು ಸಂಗತಿ’ ಎಂದು ಪ್ರತಿಯೊಬ್ಬರೂ ಹೆಸರಿಲ್ಲದೆ ಒಂದು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಲಿ. ಶಾಲೆಯ ಶೌಚಾಲಯದಲ್ಲಿ ಮುಟ್ಟಿನ ದಿನಗಳಲ್ಲಿ ನೀರಿಲ್ಲದಿರುವುದು, ಬೆಳಗಿನ ಬಸ್ಸು ತುಂಬಿ ಬಂದು ನಿಲ್ಲದೆ ಹೋಗುವುದು, ಬೀದಿದೀಪ ಕೆಟ್ಟಿರುವುದರಿಂದ ಟ್ಯೂಷನ್ ಬಿಡಿಸಿರುವುದು, ಹೆದ್ದಾರಿಯ ಆಚೆಗಿರುವ ಗದ್ದೆಗೆ ಅಜ್ಜ ಸುತ್ತು ಬಳಸಿ ಹೋಗಬೇಕಾಗಿರುವುದು, ಇಂಥವು ಹೊರಬೀಳುತ್ತವೆ. 2023ರಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ಹೊಸ ರೂಪದಲ್ಲಿ ತೆರೆದುಕೊಂಡು, ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನ, ಆಟೋ, ಟ್ರ್ಯಾಕ್ಟರುಗಳಿಗೆ ನಿಷೇಧ ಬಂದ ಮೇಲೆ, ಅಕ್ಕಪಕ್ಕದ ಹಳ್ಳಿಗಳ ಓಡಾಟವೇ ಬದಲಾಯಿತು; ಆ ಊರುಗಳ ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ವಿಷಯ ಬೇಕಿಲ್ಲ. ಮೈಸೂರು ನಗರದ ಮಕ್ಕಳು ತಮ್ಮ ಬೀದಿಯ ಖಾಲಿ ನಿವೇಶನವನ್ನೇ ತೆಗೆದುಕೊಳ್ಳಬಹುದು. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ದೇಶಕ್ಕೇ ಮೊದಲ ಸ್ಥಾನ ಪಡೆದ ನಗರದಲ್ಲೂ ಯಾರದೋ ಒಂದು ಖಾಲಿ ನಿವೇಶನ ಇಡೀ ಬಡಾವಣೆಯ ತಿಪ್ಪೆಯಾಗುವುದು ಹೇಗೆ ಎಂಬ ಪ್ರಶ್ನೆ ಕುತೂಹಲದ್ದೇ ಸರಿ.

ಚೀಟಿಗಳನ್ನು ಓದಿದ ಮೇಲೆ ಪ್ರತಿಯೊಂದಕ್ಕೂ ಮೂರು ಪ್ರಶ್ನೆ ಹಾಕಿ. ಇದನ್ನು ನಾವೇ ಕಣ್ಣಾರೆ ನೋಡಿ ಎಣಿಸಬಲ್ಲೆವೇ? ಇದನ್ನು ಸರಿಪಡಿಸುವುದು ಯಾರದಾದರೂ ಒಬ್ಬರ ಕೆಲಸವೇ? ಅರ್ಧ ವರ್ಷದೊಳಗೆ ಇದರಲ್ಲಿ ಒಂದು ಸಣ್ಣ ಬದಲಾವಣೆಯಾದರೂ ಸಾಧ್ಯವೇ? ಮೂರಕ್ಕೂ ಹೌದು ಎಂದು ಬಂದ ಚೀಟಿಯನ್ನು ಉಳಿಸಿಕೊಳ್ಳಿ. ಕಾವೇರಿ ನೀರಿನ ಹಂಚಿಕೆಯಂಥ ದೊಡ್ಡ ವಿಷಯ ಬಂದರೆ ಅದನ್ನು ಗೌರವದಿಂದ ಪಕ್ಕಕ್ಕಿಡಿ. ಟ್ರಿಬ್ಯುನಲ್ಲು, ಸುಪ್ರೀಂ ಕೋರ್ಟು ವರ್ಷಗಟ್ಟಲೆ ಕೂತು ನೋಡಿದ್ದನ್ನು ಒಂಬತ್ತನೆಯ ತರಗತಿ ‘ಬಿ’ ವಿಭಾಗ ನವೆಂಬರಿನೊಳಗೆ ಬಗೆಹರಿಸಬೇಕಾಗಿಲ್ಲ.

ನಾಲೆಯ ದಂಡೆಯ ಮೇಲೆ ನಿಂತು ಎಣಿಸುವುದು

ನಾಲೆಯ ಉದಾಹರಣೆಯನ್ನೇ ಮುಂದುವರಿಸುತ್ತೇನೆ, ಆದರೆ ಎಣಿಕೆಗೆ ಮೊದಲು ಸುರಕ್ಷತೆಯ ಮಾತು ಆಗಬೇಕು. 2018ರ ನವೆಂಬರ್ 24ರಂದು ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಪ್ರಾಣ ಕಳೆದುಕೊಂಡರು; ಅವರಲ್ಲಿ ಶಾಲಾ ಮಕ್ಕಳೂ ಇದ್ದರು. ಈ ಜಿಲ್ಲೆಯಲ್ಲಿ ನಾಲೆಯ ಹತ್ತಿರ ಮಕ್ಕಳನ್ನು ಕರೆದೊಯ್ಯುವ ಶಿಕ್ಷಕರು ಅದನ್ನು ಮರೆಯುವಂತಿಲ್ಲ. ಮುಖ್ಯ ನಾಲೆಯನ್ನು ಯೋಜನೆಗೆ ಆರಿಸಿಕೊಳ್ಳಲೇಬೇಡಿ. ಉಪನಾಲೆಗೆ ಹೋಗುವಾಗಲೂ ಇಬ್ಬರು ದೊಡ್ಡವರು ಜೊತೆಗಿರಬೇಕು, ಪೋಷಕರ ಲಿಖಿತ ಒಪ್ಪಿಗೆ ಶಾಲೆಯಲ್ಲಿರಬೇಕು, ಮುಖ್ಯ ಶಿಕ್ಷಕರಿಗೆ ದಿನ ಮತ್ತು ಸಮಯ ಗೊತ್ತಿರಬೇಕು. ಕಟ್ಟು ಪದ್ಧತಿಯಲ್ಲಿ ನೀರು ಬಿಡುವ ಕಾಲದಲ್ಲಿ ನಾಲೆ ಕೆಲವು ದಿನ ಹರಿದು ಕೆಲವು ದಿನ ನಿಲ್ಲುತ್ತದೆಯಾದ್ದರಿಂದ, ನಿಂತಿರುವ ದಿನಗಳನ್ನು, ತೂಬು ನೋಡಿಕೊಳ್ಳುವ ನೀರುಗಂಟಿಯಿಂದ ಮೊದಲೇ ತಿಳಿದು ಆ ದಿನಗಳಲ್ಲಿ ಮಾತ್ರ ಹೋಗಿ. ಆಗ ತಳದ ಕಸವೂ ಕಾಣುತ್ತದೆ, ಅಪಾಯವೂ ಕಡಿಮೆ. ಬತ್ತಿದ ನಾಲೆಯೊಳಕ್ಕೂ ಮಕ್ಕಳನ್ನು ಇಳಿಸಬೇಡಿ. ಗಾಜು, ಸೂಜಿ, ಕೀಟನಾಶಕದ ಡಬ್ಬಿ ಏನು ಬೇಕಾದರೂ ಇರಬಹುದು. ದಂಡೆಯ ಮೇಲೆ ನಿಂತು ನೋಡಿ ಬರೆದುಕೊಂಡರೆ ಸಾಕು.

ಎಣಿಸುವ ಮೊದಲು ವಿಂಗಡಣೆಯನ್ನು ತರಗತಿಯಲ್ಲೇ ತೀರ್ಮಾನಿಸಿ. ಪ್ಲಾಸ್ಟಿಕ್ ಚೀಲ, ಮದ್ಯದ ಪೊಟ್ಟಣ ಮತ್ತು ಬಾಟಲಿ, ಕೋಳಿ ಅಂಗಡಿಯ ತ್ಯಾಜ್ಯ, ಪೂಜೆಯ ಹೂವು ಮತ್ತು ಹಳೆಯ ದೇವರ ಪಟ, ಹಳೆ ಬಟ್ಟೆ, ಕಬ್ಬಿನ ತರಗು, ಕೀಟನಾಶಕದ ಡಬ್ಬಿ, ಇತರೆ: ಇಷ್ಟು ಸಾಕು. ‘ಇತರೆ’ ಎಂಬ ಅಂಕಣ ಉಳಿದೆಲ್ಲಕ್ಕಿಂತ ದೊಡ್ಡದಾದರೆ ವಿಂಗಡಣೆ ತಪ್ಪಿದೆ ಎಂದರ್ಥ, ಮತ್ತೆ ಕುಳಿತು ಸರಿಪಡಿಸಿ. ಕಟ್ಟಿನ ಚೀಲವೊಂದನ್ನು ಒಂದೆಂದು ಎಣಿಸುವುದೋ ಅದರೊಳಗಿನ ಹತ್ತನ್ನು ಎಣಿಸುವುದೋ ಎಂಬ ಜಗಳ ಖಂಡಿತ ಬರುತ್ತದೆ. ಏನಾದರೂ ಒಂದು ನಿಯಮ ಮಾಡಿಕೊಂಡು ಅದನ್ನು ಪುಸ್ತಕದಲ್ಲಿ ಬರೆದಿಡಿ. ಇಬ್ಬಿಬ್ಬರ ಎರಡು ಗುಂಪು ಒಂದೇ ಜಾಗವನ್ನು ಬೇರೆ ಬೇರೆಯಾಗಿ ಎಣಿಸಲಿ. ಎರಡೂ ಲೆಕ್ಕ ಹತ್ತಿರ ಬಂದರೆ ನಂಬಬಹುದು, ದೂರ ಇದ್ದರೆ ಮತ್ತೆ ಎಣಿಸಬೇಕು. ಕೊನೆಗೆ ತೀರ್ಪುಗಾರರು ‘ಈ ಸಂಖ್ಯೆ ಹೇಗೆ ಬಂತು?’ ಎಂದು ಕೇಳಿದಾಗ ಈ ಎರಡು ಗುಂಪಿನ ವಿಷಯ ಹೇಳಿದ ಮಗುವಿನ ಮಾತಿಗೆ ತೂಕ ಬರುವುದನ್ನು ನಾನೇ ಗಮನಿಸಿದ್ದೇನೆ.

ಒಂದು ಸಲದ ಎಣಿಕೆ ಫೋಟೋ ಇದ್ದ ಹಾಗೆ. ಮೂರು ನಾಲ್ಕು ಸಲ ಎಣಿಸಿದಾಗ ಮಾತ್ರ ಕಥೆ ತೆರೆದುಕೊಳ್ಳುತ್ತದೆ. ಸೋಮವಾರ ಬೆಳಿಗ್ಗೆ ಕೋಳಿಪುಕ್ಕ ಹೆಚ್ಚಾಗಿ, ಗುರುವಾರ ಇಲ್ಲವೆನ್ನುವಷ್ಟು ಕಡಿಮೆ ಇದ್ದರೆ, ಅದು ‘ಜನರ’ ಸಮಸ್ಯೆಯಲ್ಲ, ಭಾನುವಾರದ ಎರಡು ಮೂರು ಅಂಗಡಿಗಳ ಸಮಸ್ಯೆ. ಆಯುಧಪೂಜೆಯೋ ಅಮಾವಾಸ್ಯೆಯೋ ಕಳೆದ ಮರುದಿನ ಹೂವಿನ ಹಾರ ತೂಬಿಗೆ ಅಡ್ಡವಾಗಿ ನಿಂತಿದ್ದರೆ ಅದು ಬೇರೆಯದೇ ಸಮಸ್ಯೆ, ಅದರ ಉಪಾಯವೂ ಬೇರೆ. ಹೀಗೆ ದಿನಾಂಕದ ಪಕ್ಕ ವಾರ, ಹಬ್ಬ, ಸಂತೆ ಇವನ್ನೂ ಬರೆದುಕೊಳ್ಳುವ ಅಭ್ಯಾಸವಿದ್ದರೆ ಕಾರಣ ತಾನಾಗಿಯೇ ಕಾಣತೊಡಗುತ್ತದೆ.

ಇನ್ನು ಮನೆಮನೆಯ ಪ್ರಶ್ನೆಗಳು. ‘ನೀವು ನಾಲೆಗೆ ಕಸ ಹಾಕುತ್ತೀರಾ?’ ಎಂದು ಕೇಳಿದರೆ ಊರಿನಲ್ಲಿ ಒಬ್ಬರೂ ಹೌದು ಎನ್ನುವುದಿಲ್ಲ, ಆದರೂ ನಾಲೆ ತುಂಬಿರುತ್ತದೆ. ‘ಅಕ್ಕಾ, ನಿಮ್ಮ ಮನೆಯ ಕಸದ ಬುಟ್ಟಿ ತುಂಬಿದಾಗ ಅದನ್ನು ಯಾರು ಎಲ್ಲಿಗೆ ಒಯ್ಯುತ್ತಾರೆ? ಪಂಚಾಯಿತಿಯ ಗಾಡಿ ನಿಮ್ಮ ಬೀದಿಗೆ ಎಷ್ಟು ಗಂಟೆಗೆ ಬರುತ್ತದೆ? ಆಗ ಮನೆಯಲ್ಲಿ ಯಾರಿರುತ್ತಾರೆ?’ ಎಂದು ಕೇಳಿ ನೋಡಿ. ಗಾಡಿ ಬರುವುದು ಹತ್ತು ಗಂಟೆಗೆ, ಮನೆಯವರೆಲ್ಲ ಗದ್ದೆಗೆ ಹೋಗುವುದು ಎಂಟಕ್ಕೆ ಎಂಬ ಉತ್ತರ ಬಂದರೆ, ಅಲ್ಲಿಗೆ ‘ಜಾಗೃತಿ’ಯ ವಾದ ಬಿದ್ದುಹೋಯಿತು. ಆ ಜನಕ್ಕೆ ತಿಳಿವಳಿಕೆ ಇಲ್ಲದೆ ಅಲ್ಲ, ಗಾಡಿಯ ಹೊತ್ತು ಹೊಂದದೆ ಕಸ ನಾಲೆ ಸೇರುತ್ತಿದೆ. ಕೊನೇ ಭಾಗದ ರೈತರನ್ನೂ ಹೀಗೆಯೇ ಕೇಳಬೇಕು: ನೀರು ಬಿಟ್ಟ ಎಷ್ಟನೆಯ ದಿನ ನಿಮ್ಮ ಗದ್ದೆಗೆ ಬಂತು, ತೂಬಿನ ಕಸ ತೆಗೆಯಲು ಯಾರು ಹೋದಿರಿ, ಎಷ್ಟು ಹೊತ್ತು ಹಿಡಿಯಿತು. ‘ನೀರು ಬಿಟ್ಟವ್ರೆ ಅಂತಾರೆ ಕಣಪ್ಪ, ನಮ್ಮ ಬದಿಗೆ ಬಂದಾಗಲೇ ನೋಡ್ಬೇಕು’ ಎಂದು ಯಾರಾದರೂ ಹೇಳಿದರೆ ಆ ಮಾತನ್ನು ತಿದ್ದದೆ ಹಾಗೆಯೇ ಬರೆದುಕೊಳ್ಳಿ. ಹೆಸರು ಬೇಡ. ಉತ್ತರಿಸಿದವರ ಹೆಸರಿನ ಬದಲು ಮನೆಗೆ ಒಂದು ಸಂಖ್ಯೆ ಕೊಟ್ಟರೆ ಜನ ಬಿಚ್ಚುಮನಸ್ಸಿನಿಂದ ಮಾತನಾಡುತ್ತಾರೆ, ನಾಳೆ ಊರಿನಲ್ಲಿ ಜಗಳವೂ ಆಗುವುದಿಲ್ಲ.

ಇದು ಯಾರ ಕೈಯಲ್ಲಿದೆ?

ಹೆಚ್ಚಿನ ಯೋಜನೆಗಳು ‘ಸರ್ಕಾರ ಕ್ರಮ ಕೈಗೊಳ್ಳಬೇಕು’ ಎಂಬಲ್ಲಿ ನಿಂತುಬಿಡುತ್ತವೆ. ಸರ್ಕಾರ ಎಂಬ ಹೆಸರಿನವರು ಯಾವ ಕಚೇರಿಯಲ್ಲೂ ಕೂತಿರುವುದಿಲ್ಲ. ನಾಲೆಯ ಹೂಳು, ತೂಬು, ದಂಡೆ ಇವು ಕಾವೇರಿ ನೀರಾವರಿ ನಿಗಮದ ಎಂಜಿನಿಯರುಗಳ ಹೊಣೆ; ಊರಿನ ಕಸ ಸಂಗ್ರಹ ಗ್ರಾಮ ಪಂಚಾಯಿತಿಯದು; ಸ್ವಚ್ಛವಾಹಿನಿ ಎಂಬ ಕಸದ ಗಾಡಿಯನ್ನು ಅನೇಕ ಕಡೆ ನಡೆಸುವವರು ಸ್ವಸಹಾಯ ಸಂಘಗಳ ಒಕ್ಕೂಟದ ಮಹಿಳೆಯರು; ಕೋಳಿ ಅಂಗಡಿಗೆ ಪರವಾನಗಿ ಕೊಡುವುದು ಮತ್ತೆ ಪಂಚಾಯಿತಿ. ಒಂದೇ ನಾಲೆಯ ಒಂದೇ ಕಸಕ್ಕೆ ಮೂರು ನಾಲ್ಕು ಕಡೆ ಹೊಣೆಗಾರರಿದ್ದಾರೆ ಎಂದು ಕಂಡುಕೊಳ್ಳುವುದೇ ಮಕ್ಕಳ ಪಾಲಿಗೆ ದೊಡ್ಡ ಪೌರನೀತಿಯ ಪಾಠ. ಮೈಸೂರು ನಗರದಲ್ಲಾದರೆ ವಾರ್ಡುಗಳ ಪೈಕಿ ತಮ್ಮದು ಯಾವುದು, ಆ ವಾರ್ಡಿನ ಕಸ ಯಾವ ಘಟಕಕ್ಕೆ ಹೋಗುತ್ತದೆ, ಆರೋಗ್ಯ ನಿರೀಕ್ಷಕರು ಎಲ್ಲಿ ಕೂರುತ್ತಾರೆ ಎಂಬುದರಿಂದ ಆರಂಭಿಸಬೇಕು. ಕುಂಬಾರಕೊಪ್ಪಲಿನಂಥ ಶೂನ್ಯ ತ್ಯಾಜ್ಯ ಘಟಕವನ್ನು ಒಮ್ಮೆ ಮಕ್ಕಳಿಗೆ ತೋರಿಸಿ ಬಂದರೆ, ವಿಂಗಡಿಸದ ಕಸ ಅಲ್ಲಿ ಕೆಲಸ ಮಾಡುವವರ ಕೈಗೆ ಏನು ಮಾಡುತ್ತದೆ ಎಂಬುದನ್ನು ಮತ್ತೆ ವಿವರಿಸಬೇಕಾಗುವುದಿಲ್ಲ.

ಕಚೇರಿಗೆ ಹೋಗುವಾಗ ಇಡೀ ತರಗತಿಯ ಮೆರವಣಿಗೆ ಬೇಡ, ನಾಲ್ವರು ಮಕ್ಕಳು ಮತ್ತು ಒಬ್ಬ ಶಿಕ್ಷಕರು ಸಾಕು. ಮುಖ್ಯ ಶಿಕ್ಷಕರ ಸಹಿಯುಳ್ಳ ಒಂದು ಪುಟದ ಪತ್ರವನ್ನು ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಮೊಹರು ಮತ್ತು ದಿನಾಂಕದ ಸ್ವೀಕೃತಿ ಪಡೆದು ಬನ್ನಿ. ‘ಆಯ್ತು ಮಕ್ಕಳೇ, ನೋಡೋಣ’ ಎಂಬ ಸಿಹಿಮಾತಿಗಿಂತ ಆ ಮೊಹರಿಗೆ ಬೆಲೆ ಹೆಚ್ಚು. ಪಂಚಾಯಿತಿಯಲ್ಲಿ ಕೇಳಬೇಕಾದವರು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ. ಆದರೆ ಅಧ್ಯಕ್ಷರಿಗೂ ವಾರ್ಡಿನ ಸದಸ್ಯರಿಗೂ ಮೊದಲೇ ಒಂದು ಮಾತು ತಿಳಿಸಿರುವುದು ಒಳ್ಳೆಯದು, ಇಲ್ಲವಾದರೆ ಶಾಲೆಯವರು ತಮ್ಮ ಮೇಲೆ ದೂರು ತಂದರೆಂದು ಭಾವಿಸುವ ಸಂಭವವಿದೆ. ದಾಖಲೆಯೊಂದು ಬೇಕಾಗಿ ಬಾಯಿಮಾತಿಗೆ ಸಿಗದಿದ್ದರೆ, 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಶಿಕ್ಷಕರೋ ಪೋಷಕರೋ ಅರ್ಜಿ ಹಾಕಬಹುದು. 30 ದಿನಗಳಲ್ಲಿ ಉತ್ತರ ಕೊಡಬೇಕೆಂಬುದು ನಿಯಮ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿದ್ದು, 150 ಪದಗಳ ಒಳಗಿರಬೇಕು. ಈ ಮಿತಿಯೇ ಮಕ್ಕಳಿಗೆ ಒಂದು ಒಳ್ಳೆಯ ಬರವಣಿಗೆಯ ಅಭ್ಯಾಸವೆಂದು ನನ್ನ ಅನಿಸಿಕೆ. ಮೊದಲ ಹೆಜ್ಜೆಯಲ್ಲೇ ಈ ಅಸ್ತ್ರ ತೆಗೆಯಬೇಡಿ. ನಯವಾಗಿ ಕೇಳಿದರೆ ಕೊಡುವ ಅಧಿಕಾರಿಗಳು ಬೇಕಾದಷ್ಟಿದ್ದಾರೆ.

ಸಣ್ಣದೊಂದನ್ನು ಮಾಡಿ ನೋಡುವುದು

ಮಂಡಿಸುವ ಮೊದಲು ಮಕ್ಕಳು ತಮ್ಮ ಕೈಯಳತೆಯ ಒಂದು ಪ್ರಯೋಗ ಮಾಡಿರಬೇಕು. ಗಾಡಿಯ ಅಕ್ಕನವರನ್ನು ಒಪ್ಪಿಸಿ ಒಂದು ಬೀದಿಗೆ ಎರಡು ವಾರ ಮಾತ್ರ ಬೆಳಿಗ್ಗೆ ಏಳಕ್ಕೆ ಬರುವಂತೆ ಮಾಡುವುದು, ಸೇತುವೆಯ ಬಳಿ ಪೂಜೆಯ ಹೂವಿಗೆಂದೇ ಒಂದು ಹಳೆಯ ಡ್ರಮ್ಮು ಇಟ್ಟು ಅದರಲ್ಲಿ ಬಿದ್ದದ್ದನ್ನು ಶಾಲೆಯ ಗೊಬ್ಬರದ ಗುಂಡಿಗೆ ಹಾಕುವುದು, ಇಂಥದ್ದು. ಪ್ರಯೋಗ ನಡೆದ ಬೀದಿಯ ಜೊತೆಗೆ, ನಡೆಯದ ಇನ್ನೊಂದು ಬೀದಿಯ ಎಣಿಕೆಯೂ ಇರಲಿ. ಇಲ್ಲದಿದ್ದರೆ ಕಸ ಕಡಿಮೆಯಾದದ್ದು ನಿಮ್ಮಿಂದಲೋ ಆ ವಾರ ಹಬ್ಬವಿಲ್ಲದ್ದರಿಂದಲೋ ಹೇಳಲಾಗದು. ಡ್ರಮ್ಮನ್ನು ಯಾರೋ ಕದ್ದೊಯ್ದರು, ಮೂರನೆಯ ದಿನ ಗಾಡಿ ಬರಲಿಲ್ಲ, ಹೂವಿನ ಜೊತೆ ಜನ ಗಾಜಿನ ಪಟವನ್ನೂ ತುರುಕಿದರು ಎಂಬಂಥ ಸೋಲುಗಳನ್ನು ಮಕ್ಕಳು ಮುಚ್ಚಿಡಲು ನೋಡುತ್ತಾರೆ. ಬಿಡಬೇಡಿ, ಅದನ್ನೇ ಬರೆಸಿ. ನನ್ನ ಅನುಭವದಲ್ಲಿ ಎಲ್ಲವೂ ನೂರಕ್ಕೆ ನೂರು ಸರಿಹೋಯಿತೆಂದು ಹೇಳುವ ಯೋಜನೆಯ ಮೇಲೆ ತೀರ್ಪುಗಾರರಿಗೆ ಮೊದಲ ಅನುಮಾನ ಹುಟ್ಟುತ್ತದೆ.

ಕೈ ಹಾಕುವಾಗ ಎಚ್ಚರ ಬೇಕಾದ ವಿಷಯಗಳು

ಬಾಲ್ಯವಿವಾಹ, ಕುಡಿತ, ಹೆಣ್ಣು ಭ್ರೂಣಹತ್ಯೆ ಇವೂ ನಮ್ಮ ಊರಿನ ಸಮಸ್ಯೆಗಳೇ. 2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದನ್ನೇ ಭ್ರೂಣಲಿಂಗ ಪತ್ತೆಯ ತಾಣ ಮಾಡಿಕೊಂಡಿದ್ದ ಜಾಲ ಬಯಲಾದ ಮೇಲೆ, ‘ಅದು ನಮ್ಮ ಕಡೆ ಇಲ್ಲ’ ಎಂದು ಹೇಳುವ ಧೈರ್ಯ ಯಾರಿಗೂ ಉಳಿದಿಲ್ಲ. ಹಾಗೆಂದು ಇವುಗಳ ಸಮೀಕ್ಷೆಗೆ ಮಕ್ಕಳನ್ನು ಮನೆಮನೆಗೆ ಕಳುಹಿಸುವುದು ಸರಿಯಲ್ಲ. ನಿಮ್ಮ ಮನೆಯಲ್ಲಿ ಯಾರು ಕುಡಿಯುತ್ತಾರೆ ಎಂಬ ಪ್ರಶ್ನೆಯನ್ನು ಕೇಳುವ ಹುಡುಗನ ಪಕ್ಕದಲ್ಲೇ, ಅಪ್ಪನ ಕುಡಿತದಿಂದ ರಾತ್ರಿ ನಿದ್ದೆಗೆಟ್ಟ ಸಹಪಾಠಿ ನಿಂತಿರಬಹುದು. ಇಂಥ ವಿಷಯಗಳಲ್ಲಿ ಕುಟುಂಬಗಳನ್ನು ಬಿಟ್ಟು ವ್ಯವಸ್ಥೆಯನ್ನು ಅಧ್ಯಯನ ಮಾಡಿಸಿ. ಏಳನೆಯ ತರಗತಿ ಮುಗಿಸಿದ ಹೆಣ್ಣುಮಕ್ಕಳು ಎಂಟಕ್ಕೆ ಪಕ್ಕದ ಊರಿನ ಪ್ರೌಢಶಾಲೆಗೆ ಹೋಗಲು ಬಸ್ಸಿದೆಯೇ, ಎಷ್ಟು ದೂರ ನಡೆಯಬೇಕು, ಆ ದಾರಿಯಲ್ಲಿ ದೀಪವಿದೆಯೇ ಎಂಬುದನ್ನು ಅಳೆದರೆ, ಶಾಲೆ ಬಿಡಿಸುವುದಕ್ಕೂ ಮದುವೆ ಮಾಡುವುದಕ್ಕೂ ಇರುವ ನಂಟು ಯಾರ ಮನೆಯನ್ನೂ ಬೆರಳು ಮಾಡಿ ತೋರಿಸದೆ ಹೊರಬರುತ್ತದೆ.

ಇನ್ನೊಂದು ಎಚ್ಚರಿಕೆ ಲೆಕ್ಕಕ್ಕೆ ಸಂಬಂಧಿಸಿದ್ದು. ಒಂದು ಊರಿನಲ್ಲಿ ಒಂದು ವರ್ಷ ಹುಟ್ಟಿದ ಇಪ್ಪತ್ತು ಮಕ್ಕಳಲ್ಲಿ ಎಂಟು ಮಾತ್ರ ಹೆಣ್ಣು ಎಂದು ಕಂಡುಬಂದ ಕೂಡಲೇ ಆ ಊರಿನಲ್ಲಿ ಭ್ರೂಣಹತ್ಯೆ ನಡೆಯುತ್ತಿದೆ ಎಂದು ಚಾರ್ಟ್ ಬರೆದವರನ್ನು ಕಂಡಿದ್ದೇನೆ. ತರಗತಿಯ ಪ್ರತಿಯೊಬ್ಬರಿಗೂ ಒಂದು ನಾಣ್ಯ ಕೊಟ್ಟು ಇಪ್ಪತ್ತು ಸಲ ಚಿಮ್ಮಲು ಹೇಳಿ. ಎಂಟು, ಹನ್ನೆರಡು ಎಂಬ ಅಂಕಿ ಎಷ್ಟೋ ಮಂದಿಗೆ ಸುಮ್ಮನೆ ಬರುತ್ತದೆ. ಚಿಕ್ಕ ಸಂಖ್ಯೆಯಿಂದ ದೊಡ್ಡ ಆರೋಪ ಹೊರಡಿಸಬಾರದೆಂಬುದು ಹತ್ತು ನಿಮಿಷದಲ್ಲಿ ಅವರಿಗೇ ಗೊತ್ತಾಗುತ್ತದೆ. ಲಿಂಗಾನುಪಾತದ ಮಾತು ಆಡಬೇಕಾದರೆ ಇಡೀ ತಾಲ್ಲೂಕಿನ ಅಥವಾ ಜಿಲ್ಲೆಯ ಹಲವು ವರ್ಷಗಳ ಅಂಕಿ ಬೇಕು.

ಅಧ್ಯಯನದ ನಡುವೆ ನಿಜವಾಗಿಯೂ ಒಬ್ಬ ಸಹಪಾಠಿಯ ಮದುವೆ ನಿಶ್ಚಯವಾಗಿದೆ ಎಂದು ತಿಳಿದರೆ ಅದು ಯೋಜನೆಯ ಸಾಮಗ್ರಿಯಲ್ಲ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಪ್ರಕಾರ ಹೆಣ್ಣಿಗೆ 18, ಗಂಡಿಗೆ 21 ವರ್ಷ ತುಂಬಿರಬೇಕು. ಶಿಕ್ಷಕರು ಅಂದೇ 1098 ಮಕ್ಕಳ ಸಹಾಯವಾಣಿಗೆ ತಿಳಿಸಬೇಕು. ಆ ಮಗುವಿನ ಹೆಸರು ಯಾವ ಚಾರ್ಟಿನಲ್ಲೂ, ಯಾವ ಮಾತಿನಲ್ಲೂ ಬರಬಾರದು.

ಮಂಡನೆ

ಒಂದೇ ಕೆಲಸವನ್ನು ಎಲ್ಲ ವೇದಿಕೆಯಲ್ಲೂ ಒಂದೇ ರೀತಿ ಹೇಳಲಾಗದು. ರಾಜ್ಯ ವಿಜ್ಞಾನ ಪರಿಷತ್ತಿನ ಮೂಲಕ ಜಿಲ್ಲೆ, ರಾಜ್ಯ ಹಂತ ದಾಟಿ ಹೋಗುವ, 10ರಿಂದ 17 ವರ್ಷದವರ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದಲ್ಲಿ ಕೇಳುವುದು ಅಧ್ಯಯನದ ಕ್ರಮವನ್ನು: ಹೇಗೆ ಎಣಿಸಿದಿರಿ, ಯಾವುದರ ಜೊತೆ ಹೋಲಿಸಿದಿರಿ. ಆಯ್ಕೆಯಾದ ಕಲ್ಪನೆಗೆ 10,000 ರೂಪಾಯಿ ಕೊಡುವ ಇನ್‌ಸ್ಪೈರ್ ಮಾನಕ್ ಎಂಬ ಕೇಂದ್ರ ಸರ್ಕಾರದ ಕಾರ್ಯಕ್ರಮದಲ್ಲಿ ಕೇಳುವುದು ಹೊಸತನವನ್ನು. ಅಲ್ಲಿ ಸಮೀಕ್ಷೆಗಿಂತ, ತೂಬಿನ ಮುಂದೆ ಇಡಬಹುದಾದ, ಕಸ ತಡೆದು ನೀರು ಬಿಡುವ, ಒಬ್ಬರೇ ಎತ್ತಿ ಶುಚಿ ಮಾಡಬಲ್ಲ ಜಾಲರಿಯ ಮಾದರಿ ಮುಂದೆ ಬರಬೇಕು. ಪಂಚಾಯಿತಿ ಮಕ್ಕಳಿಗಾಗಿಯೇ ನಡೆಸುವ ಮಕ್ಕಳ ಗ್ರಾಮಸಭೆಯಲ್ಲಿ ಇವೆರಡೂ ಹಿಂದೆ ಸರಿದು ಬೇಡಿಕೆ ಮುಂದೆ ನಿಲ್ಲುತ್ತದೆ. ಮೂರನ್ನೂ ಕಲಸಿ ಒಂದೇ ಭಾಷಣ ಮಾಡಿಕೊಂಡು ಎಲ್ಲ ಕಡೆ ಒಪ್ಪಿಸಿದರೆ ಎಲ್ಲೂ ತಾಗುವುದಿಲ್ಲ.

ಮಾತಿನ ಆರಂಭದಲ್ಲಿ ‘ಗೌರವಾನ್ವಿತ ತೀರ್ಪುಗಾರರೇ, ನನ್ನ ನೆಚ್ಚಿನ ಸ್ನೇಹಿತರೇ’ ಎಂಬ ಕಂಠಪಾಠಕ್ಕೆ ಅರ್ಧ ನಿಮಿಷ, ‘ಇಂದಿನ ಆಧುನಿಕ ಯುಗದಲ್ಲಿ’ ಎಂಬ ಪೀಠಿಕೆಗೆ ಇನ್ನೊಂದು ನಿಮಿಷ ಹೋದರೆ ಉಳಿಯುವುದೇನು? ನಮಸ್ಕಾರ ಹೇಳಿ ನೇರವಾಗಿ ಹೀಗೆ ಆರಂಭಿಸಲಿ: ‘ನಮ್ಮ ಶಾಲೆಯ ಹಿಂದಿನ ಉಪನಾಲೆಯಲ್ಲಿ ನೀರು ನಿಂತ ನಾಲ್ಕು ದಿನ ನಾವು ಕಸ ಎಣಿಸಿದೆವು. ಹೆಚ್ಚು ಸಿಕ್ಕಿದ್ದು ಪ್ಲಾಸ್ಟಿಕ್ ಅಲ್ಲ, ಕೋಳಿ ಅಂಗಡಿಯ ತ್ಯಾಜ್ಯ.’ ಕೇಳುವವರು ಅಷ್ಟಕ್ಕೇ ಕತ್ತೆತ್ತುತ್ತಾರೆ. ಮುಂದಿನದು ಇದೇ ಜಾಡಿನಲ್ಲಿ ಹರಿಯಲಿ: ಏನು ಕಂಡೆವು, ಏಕೆ ಹಾಗಿದೆ ಎಂದು ತಿಳಿಯಿತು, ಏನು ಮಾಡಿ ನೋಡಿದೆವು, ಎಲ್ಲಿ ಸೋತೆವು, ಯಾರಿಂದ ಏನು ಬೇಕು. ಒಟ್ಟು ಸಮಯದ ಮೂರನೆಯ ಒಂದು ಭಾಗ ‘ಏನು ಬೇಕು’ ಎಂಬುದಕ್ಕೇ ಮೀಸಲಿರಲಿ. ಕೇಳುವುದೂ ಖಚಿತವಾಗಿರಲಿ. ‘ಪಂಚಾಯಿತಿ ಸ್ವಚ್ಛತೆಗೆ ಗಮನ ಕೊಡಬೇಕು’ ಎಂದರೆ ಅಧ್ಯಕ್ಷರು ತಲೆ ಅಲ್ಲಾಡಿಸಿ ಸುಮ್ಮನಾಗುತ್ತಾರೆ. ‘ಭಾನುವಾರ ಸಂಜೆ ನಾಲ್ಕಕ್ಕೆ ಗಾಡಿ ಕೋಳಿ ಅಂಗಡಿಗಳಿಗೆ ಒಂದು ಸುತ್ತು ಬರಬೇಕು, ಅಂಗಡಿಯವರು ಮುಚ್ಚಳವಿರುವ ಡಬ್ಬಿಯಲ್ಲಿ ತ್ಯಾಜ್ಯ ಇಟ್ಟಿರಬೇಕು, ಪರವಾನಗಿ ನವೀಕರಣದಲ್ಲಿ ಇದನ್ನು ಷರತ್ತಾಗಿ ಬರೆಯಬೇಕು’ ಎಂದರೆ ಹೌದು ಅಥವಾ ಇಲ್ಲ ಎಂದು ಹೇಳಲೇಬೇಕಾಗುತ್ತದೆ. ಖರ್ಚಿನ ಅಂದಾಜು ಜೊತೆಗಿರಲಿ; ಜಾಲರಿಗೆ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಕೇಳಿ ಬರೆಸಿಕೊಂಡ ದರಪಟ್ಟಿ ಒಂದಿದ್ದರೆ ಯಾವ ಅಧಿಕಾರಿಯೂ ಅದನ್ನು ಸುಲಭವಾಗಿ ತಳ್ಳಿಹಾಕಲಾರರು.

ಭಾಷೆಯ ಬಗ್ಗೆ ಒಂದು ಮಾತು. ಮಕ್ಕಳು ತಮ್ಮ ಮಾತಿನಲ್ಲೇ ಹೇಳಲಿ. ಮಂಡ್ಯದ ಮಗು ಮಂಡ್ಯದ ಕನ್ನಡದಲ್ಲಿ ವಿವರಿಸಿದರೆ ಅಂಕ ಕಡಿಮೆಯಾಗಬಾರದು. ಕಡಿಮೆ ಮಾಡುವ ತೀರ್ಪುಗಾರರಿದ್ದರೆ ತಪ್ಪು ಅವರದು. ಶಿಕ್ಷಕರು ಬರೆದುಕೊಟ್ಟ ಗ್ರಾಂಥಿಕ ವಾಕ್ಯ ಬಾಯಿಪಾಠವಾದ ಮಗು ಮೊದಲ ಪ್ರಶ್ನೆಗೇ ತಡವರಿಸುತ್ತದೆ, ತಾನೇ ದಂಡೆಯ ಮೇಲೆ ನಿಂತು ಎಣಿಸಿದ ಮಗುವಿಗೆ ಪ್ರಶ್ನೆ ಬಂದಷ್ಟೂ ಹುರುಪು ಏರುತ್ತದೆ. ಮಾತನಾಡುವವರು ಇಬ್ಬರಿರಲಿ, ಅವರಲ್ಲಿ ಒಬ್ಬಳು ಹುಡುಗಿಯಾಗಿರಲಿ, ಪ್ರಶ್ನೆಗೆ ಉತ್ತರಿಸುವ ಅವಕಾಶ ಚಾರ್ಟ್ ಹಿಡಿದು ನಿಂತವರಿಗೂ ಸಿಗಲಿ. ಹಿಂದಿನ ದಿನ ಶಾಲೆಯ ಅಡುಗೆಯವರ ಮುಂದೆ ಒಮ್ಮೆ ಮಂಡಿಸಿ ನೋಡಿ. ಅವರಿಗೆ ಅರ್ಥವಾಗದ ಚಾರ್ಟ್ ಜಿಲ್ಲಾಧಿಕಾರಿಗೂ ಅರ್ಥವಾಗುವುದಿಲ್ಲ. ಬರುವ ಪ್ರಶ್ನೆಗಳೂ ಬಹುಮಟ್ಟಿಗೆ ಅವೇ: ಇದನ್ನು ನೀವೇ ಎಣಿಸಿದಿರಾ, ಅಂಗಡಿಯವರು ಏನೆಂದರು, ನೀವು ಪಾಸಾಗಿ ಹೋದ ಮೇಲೆ ಮುಂದುವರಿಸುವವರು ಯಾರು. ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ ಸರ್, ಅದನ್ನು ನಾವು ನೋಡಿಲ್ಲ’ ಎಂದು ಹೇಳಲು ಮಕ್ಕಳಿಗೆ ಮೊದಲೇ ಅನುಮತಿ ಕೊಟ್ಟಿರಿ.

ಚಾರ್ಟುಗಳು ನಾಲ್ಕು ಸಾಕು, ಅಕ್ಷರ ಹಿಂದಿನ ಬೆಂಚಿಗೆ ಕಾಣುವಂತಿರಲಿ. ಕೈಯಿಂದ ಬರೆದ ಊರಿನ ನಕ್ಷೆ, ಅದರಲ್ಲಿ ಸೇತುವೆ, ತೂಬು, ಅಂಗಡಿ, ಕಸ ಬೀಳುವ ಜಾಗಗಳ ಗುರುತು ಇವು ಯಾವ ಬಣ್ಣದ ಮಾದರಿಗಿಂತಲೂ ಹೆಚ್ಚು ಹೇಳುತ್ತವೆ. ಥರ್ಮೊಕೋಲಿನ ಗುಡ್ಡ, ಥರ್ಮೊಕೋಲಿನ ಮನೆ, ಮಧ್ಯೆ ನೀಲಿ ಬಣ್ಣದ ಪ್ಲಾಸ್ಟಿಕ್ ಹಾಳೆಯ ನದಿ ಇಟ್ಟು ‘ಪ್ಲಾಸ್ಟಿಕ್ ತ್ಯಜಿಸಿ’ ಎಂದು ಬರೆಯುವ ಸಂಪ್ರದಾಯವನ್ನು ದಯವಿಟ್ಟು ನಿಲ್ಲಿಸಿ. 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧಕ್ಕೊಳಗಾದ ಒಮ್ಮೆ ಬಳಸಿ ಎಸೆಯುವ ವಸ್ತುಗಳ ಪಟ್ಟಿಯಲ್ಲಿ ಅಲಂಕಾರದ ಥರ್ಮೊಕೋಲೂ ಇದೆ. ಫೋಟೋಗಳಲ್ಲಿ ಕಸ ಕಾಣಲಿ, ಕಸ ಹಾಕುತ್ತಿರುವವರ ಮುಖ ಕಾಣದಿರಲಿ.

ಮಕ್ಕಳ ಗ್ರಾಮಸಭೆಯ ದಿನ ಮತ್ತು ಅದರ ನಂತರ

ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕೆಂಬ ವ್ಯವಸ್ಥೆ ನಮ್ಮ ರಾಜ್ಯದಲ್ಲಿದೆ. ವಸ್ತುಪ್ರದರ್ಶನದ ಪದಕಕ್ಕಿಂತ ಇದೇ ಮುಖ್ಯ ಎಂದು ನಾನು ಭಾವಿಸುವುದು ಏಕೆಂದರೆ, ಅಲ್ಲಿ ಕೇಳಿಸಿಕೊಳ್ಳುವವರ ಕೈಯಲ್ಲಿ ನಿರ್ಧಾರವಿರುತ್ತದೆ. ದಿನಾಂಕವನ್ನು ಪಿಡಿಒ ಅವರಿಂದ ಒಂದು ತಿಂಗಳು ಮೊದಲೇ ಕೇಳಿಕೊಂಡು, ಶಾಲೆಯ ವಿಷಯವನ್ನು ಸಭೆಯ ಪಟ್ಟಿಗೆ ಲಿಖಿತವಾಗಿ ಸೇರಿಸಿ. ಅನೇಕ ಕಡೆ ಸಭೆಯ ಬಹುಭಾಗ ಸ್ವಾಗತ, ಪ್ರಾರ್ಥನೆ, ಹಾರ ತುರಾಯಿಗಳಲ್ಲೇ ಮುಗಿದು ಮಕ್ಕಳ ಪಾಲಿಗೆ ಕೊನೆಯ ಹತ್ತು ನಿಮಿಷ ಉಳಿಯುತ್ತದೆ. ಆ ಹತ್ತು ನಿಮಿಷಕ್ಕೆ ಸಿದ್ಧರಾಗಿಯೇ ಹೋಗಿ: ಒಂದು ನಕ್ಷೆ, ಒಂದು ಎಣಿಕೆಯ ಪಟ್ಟಿ, ಮೂರು ಬೇಡಿಕೆ. ಯಾರ ಕಚೇರಿಗೆ ಸಂಬಂಧಿಸಿದ ಬೇಡಿಕೆ ಯಾವುದು ಎಂದು ಪ್ರತ್ಯೇಕವಾಗಿ ಬರೆದಿರಲಿ, ಏಕೆಂದರೆ ತೂಬಿನ ಜಾಲರಿಯ ಮಾತಿಗೆ ಪಂಚಾಯಿತಿಯವರು ‘ಅದು ನೀರಾವರಿಯವರದು’ ಎನ್ನುತ್ತಾರೆ. ಅದು ನಿಜವೂ ಹೌದು. ಅಂಥ ಬೇಡಿಕೆಯನ್ನು ಪಂಚಾಯಿತಿಯ ಶಿಫಾರಸಿನೊಂದಿಗೆ ಸಂಬಂಧಿಸಿದ ಎಂಜಿನಿಯರರಿಗೆ ಕಳುಹಿಸಿಕೊಡಿ ಎಂದು ಆಗಲೇ ಕೇಳಬೇಕು. ಕೋಳಿ ಅಂಗಡಿಯವರನ್ನು ಸಭೆಯಲ್ಲಿ ಅಪರಾಧಿಗಳಂತೆ ನಿಲ್ಲಿಸುವುದು ಬೇಡ. ಸಭೆಗೆ ಮೊದಲೇ ಇಬ್ಬರು ಮಕ್ಕಳು ಹೋಗಿ, ‘ಅಣ್ಣಾ, ಗಾಡಿ ಬಂದರೆ ನೀವು ಡಬ್ಬಿ ಇಡುತ್ತೀರಾ?’ ಎಂದು ಕೇಳಿ ಬಂದಿದ್ದರೆ, ಅವರೇ ಎದ್ದು ನಿಂತು ‘ಗಾಡಿ ಕಳಿಸಿ ಸ್ವಾಮಿ, ನಾವ್ಯಾಕೆ ನಾಲೆಗೆ ಹಾಕೋಣ’ ಎನ್ನುವ ಸಾಧ್ಯತೆಯೂ ಇದೆ.

ಸಭೆ ಮುಗಿಯುವ ಮೊದಲು ತಮ್ಮ ಬೇಡಿಕೆಗಳು ನಡವಳಿ ಪುಸ್ತಕದಲ್ಲಿ ದಾಖಲಾದವೇ ಎಂದು ಮಕ್ಕಳು ಕೇಳಲಿ, ಒಂದು ವಾರದ ನಂತರ ಶಿಕ್ಷಕರು ಅದರ ಪ್ರತಿ ಪಡೆಯಲಿ. ಬಳಿಕ ತಿಂಗಳಿಗೊಮ್ಮೆ ಇಬ್ಬರು ಮಕ್ಕಳು ಪಂಚಾಯಿತಿಗೆ ಹೋಗಿ ಏನಾಯಿತೆಂದು ವಿಚಾರಿಸುವ ಸರದಿಯನ್ನು ಹಾಕಿಕೊಳ್ಳಿ. ಒಪ್ಪಿದ ಕೆಲಸ ಆದರೆ, ಆದ ದಿನ ಒಂದು ವಂದನೆಯ ಪತ್ರ ಹೋಗಬೇಕು. ಗಾಡಿಯ ಅಕ್ಕನವರಿಗೂ ಒಂದು. ಆಗದಿದ್ದರೆ ಮುಂದಿನ ಪತ್ರದಲ್ಲಿ ಹಿಂದಿನ ಪತ್ರದ ದಿನಾಂಕ, ನಡವಳಿಯ ದಿನಾಂಕ ಎರಡನ್ನೂ ನಮೂದಿಸಿ.

ಎಣಿಕೆಯ ಮೂಲ ಪುಸ್ತಕವನ್ನು ಮನೆಗೆ ಕೊಡಬೇಡಿ, ಶಾಲೆಯ ಗ್ರಂಥಾಲಯದಲ್ಲೋ ಅರಿವು ಕೇಂದ್ರ ಎನ್ನುವ ಪಂಚಾಯಿತಿಯ ಗ್ರಂಥಾಲಯದಲ್ಲೋ ಇಡಿ. ಮೊದಲ ಪುಟದಲ್ಲಿ ಎಣಿಸಿದ ಜಾಗದ ನಕ್ಷೆ, ವಿಂಗಡಣೆಯ ನಿಯಮ, ಕಟ್ಟಿನ ಚೀಲವನ್ನು ಎಷ್ಟೆಂದು ಎಣಿಸಿದಿರಿ ಎಂಬುದು ಸ್ಪಷ್ಟವಾಗಿ ಬರೆದಿರಲಿ. ಹತ್ತನೆಯ ತರಗತಿಯವರು ಪರೀಕ್ಷೆಗೆ ಕೂರುವ ಮೊದಲು ಎಂಟನೆಯ ತರಗತಿಯ ನಾಲ್ವರನ್ನು ಒಮ್ಮೆ ದಂಡೆಗೆ ಕರೆದೊಯ್ದು, ನಾಲೆ ನಿಂತ ದಿನ ಯಾವ ತೂಬಿನಿಂದ ಎಣಿಕೆ ಆರಂಭಿಸಬೇಕೆಂದು ಕೈಯಾರೆ ತೋರಿಸಿ ಬರಲಿ.